ನೂರೈವತ್ತಮೂರು ಮೀನು: ಎಣಿಸಿದವರು ಯಾರು?

ಸಂಡೇ ಸ್ಕೂಲ್ ಅಕ್ಕ (ಸೋಮವಾರ, ರಾತ್ರಿ 9.40)

ನಿನ್ನೆ ಮಕ್ಕಳಿಗೆ ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯ ಹೇಳುತ್ತಿದ್ದೆ. ರಾತ್ರಿಯಿಡೀ ಬಲೆ ಬೀಸಿ ಒಂದು ಮೀನೂ ಸಿಗದ ಏಳು ಜನ ಶಿಷ್ಯರು. ಬೆಳಗಿನ ಮಬ್ಬಿನಲ್ಲಿ ದಡದ ಮೇಲೆ ನಿಂತ ಯಾರೋ ಒಬ್ಬರು ದೋಣಿಯ ಬಲಗಡೆಗೆ ಬಲೆ ಹಾಕಿ ಎನ್ನುತ್ತಾರೆ. ಹಾಕಿದರೆ ಎಳೆಯಲಾಗದಷ್ಟು ಮೀನು. ನಿಂತಿರುವುದು ಯೇಸು ಎಂದು ಗೊತ್ತಾದ ಕೂಡಲೇ ಪೇತ್ರ ಮೇಲಂಗಿ ಸುತ್ತಿಕೊಂಡು ನೀರಿಗೆ ಧುಮುಕುತ್ತಾನೆ. ದಡದಲ್ಲಿ ಕೆಂಡ, ಕೆಂಡದ ಮೇಲೆ ಮೀನು, ಜೊತೆಗೆ ರೊಟ್ಟಿ. ಬಲೆಯನ್ನು ದಡಕ್ಕೆ ಎಳೆದಾಗ ಅದರಲ್ಲಿ 153 ದೊಡ್ಡ ಮೀನುಗಳು. ಅಷ್ಟಿದ್ದರೂ ಬಲೆ ಹರಿಯಲಿಲ್ಲ.

ಮುಂದಿನ ಸಾಲಿನ ಒಂಬತ್ತು ವರ್ಷದ ಹುಡುಗ ಕೈ ಎತ್ತಿದ. "ಅಕ್ಕ, ಎಲ್ಲರಿಗೂ ಹಸಿವಾಗಿದೆ. ಸತ್ತು ಹೋಗಿದ್ದ ಯೇಸು ಎದುರಿಗೇ ನಿಂತಿದ್ದಾರೆ. ಅಂಥ ಹೊತ್ತಿನಲ್ಲಿ ಮೀನು ಎಣಿಸುತ್ತಾ ಕುಳಿತವರು ಯಾರು?"

ಮುಂದಿನ ವಾರ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ. ಮನೆಗೆ ಬಂದು ಹುಡುಕಿದರೆ ಯಾರು ಎಣಿಸಿದರು ಎಂಬುದಕ್ಕೆ ಉತ್ತರವಿಲ್ಲ. 153ರ ಅರ್ಥವೇನು ಎಂಬುದಕ್ಕೆ ಮಾತ್ರ ಹತ್ತು ಉತ್ತರ. ಒಂದಕ್ಕೊಂದು ತಾಳೆಯಾಗುವುದಿಲ್ಲ. ಬೈಬಲಿನ ಸಂಖ್ಯೆಗಳಲ್ಲಿ ಯಾವುದಕ್ಕೆ ಅರ್ಥ ಹುಡುಕಬೇಕು, ಯಾವುದನ್ನು ಇದ್ದ ಹಾಗೆ ಬಿಡಬೇಕು? ಓದಿಕೊಂಡವರು ದಯವಿಟ್ಟು ಹೇಳಿ. ಭಾನುವಾರದವರೆಗೆ ಸಮಯವಿದೆ.

ಹಳೆಯೋಲೆ (ಸೋಮವಾರ, ರಾತ್ರಿ 11.05)

ಅಕ್ಕಾವರೇ, ಆ ಹುಡುಗನಿಗೆ ನನ್ನ ಪರವಾಗಿ ಒಂದು ಪೆಪ್ಪರ್‌ಮಿಂಟು ಕೊಡಿ. ಹದಿನಾರು ನೂರು ವರ್ಷಗಳಿಂದ ದೊಡ್ಡ ದೊಡ್ಡವರು ಎಡವಿದ ಕಡೆಗೇ ಕೈ ತೋರಿಸಿದ್ದಾನೆ.

ನಿಮಗೆ ಸಿಕ್ಕ ಉತ್ತರಗಳಲ್ಲಿ ಮೊದಲನೆಯದು ಅಗಸ್ಟೀನನದಾಗಿರಬೇಕು. ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣದ ಬಿಷಪ್, ತೀರಿಕೊಂಡದ್ದು ಕ್ರಿ.ಶ. 430ರಲ್ಲಿ. ಆತನ ದಾರಿ ಹೀಗಿದೆ: ಒಂದರಿಂದ ಹದಿನೇಳರವರೆಗೆ ಕೂಡಿಸುತ್ತಾ ಹೋದರೆ 153. ಹದಿನೇಳು ಎಂದರೆ ಹತ್ತು ಮತ್ತು ಏಳು. ಹತ್ತು ಮೋಶೆಯ ಆಜ್ಞೆಗಳು, ಏಳು ಪವಿತ್ರಾತ್ಮನ ವರಗಳು. ಕಟ್ಟಳೆಯನ್ನು ಆತ್ಮನ ಬಲದಿಂದ ನೆರವೇರಿಸಿ ಉದ್ಧಾರವಾದವರೆಲ್ಲ ಆ ಬಲೆಯ ಮೀನುಗಳು. ಲೂಕನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಇನ್ನೊಂದು ಮೀನಿನ ಬೇಟೆ ಬರುತ್ತದೆ. ಅಲ್ಲಿ ಬಲೆ ಹರಿಯತೊಡಗುತ್ತದೆ, ಮೀನಿನ ಲೆಕ್ಕವೂ ಇಲ್ಲ. ಅದು ಒಳ್ಳೆಯವರೂ ಕೆಟ್ಟವರೂ ಸೇರಿದ ಈಗಿನ ಸಭೆ, ಇದು ಪುನರುತ್ಥಾನದ ನಂತರದ ಸಭೆ ಎನ್ನುತ್ತಾನೆ. ಉಪದೇಶವಾಗಿ ಕೇಳಲು ಸೊಗಸು. ನನಗೂ ಇಷ್ಟ.

ಪೋಪ್ ಮಹಾ ಗ್ರೆಗೊರಿಗೂ ಹದಿನೇಳೇ ಬೇಕು. ಆದರೆ ಆತ ಕೂಡಿಸುವುದಿಲ್ಲ, ಗುಣಿಸುತ್ತಾನೆ: ಹದಿನೇಳು ಮೂರಲಿ 51, ಅದು ಮೂರಲಿ 153. ಅಲೆಕ್ಸಾಂಡ್ರಿಯದ ಸಿರಿಲ್ ಬಿಡಿಸಿದ್ದು ಬೇರೆ ರೀತಿ: ನೂರು ಅನ್ಯಜನರು, ಐವತ್ತು ಇಸ್ರಾಯೇಲಿನಲ್ಲಿ ಉಳಿದವರು, ಮೂರು ತ್ರಿಯೇಕ ದೇವರು. ಜೆರೋಮನಿಗೆ ಲೆಕ್ಕವೇ ಬೇಡ. ಮೀನುಗಳಲ್ಲಿ 153 ಜಾತಿಗಳಿವೆ ಎಂದು ಗ್ರೀಕ್ ಪಂಡಿತರು ಬರೆದಿದ್ದಾರೆ, ಹಾಗಾಗಿ ಎಲ್ಲ ಜಾತಿಯ ಜನರೂ ಬಲೆಗೆ ಬಂದರು ಎಂದು ಮುಗಿಸಿದ. ಅದಕ್ಕಾಗಿ ಓಪ್ಪಿಯನ್ ಎಂಬ ಕವಿಯ ಹೆಸರು ಹೇಳಿದ. ಓಪ್ಪಿಯನ್ನನ ಮೀನುಗಳನ್ನು ಕುಳಿತು ಎಣಿಸಿದವರಿಗೆ 153 ಸರಿಯಾಗಿ ಸಿಕ್ಕಿಲ್ಲ ಎಂಬುದು ಬೇರೆ ಮಾತು.

ನಾಲ್ವರೂ ಪಂಡಿತರು, ನಾಲ್ವರೂ ಸಂತರು, ನಾಲ್ಕು ಉತ್ತರ. ಅಷ್ಟರಲ್ಲೇ ನನಗೆ ಅನುಮಾನ ಶುರುವಾಗುತ್ತದೆ.

ಬಲೆಗಾರ (ಮಂಗಳವಾರ, ಬೆಳಿಗ್ಗೆ 6.15)

ನಾನು ಕಡಲ ಕರೆಯವನು. ಅಜ್ಜನ ಕಾಲದಲ್ಲಿ ನಮ್ಮದು ಕೈರಂಪಣಿ. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು ಬಂದು, ಎರಡು ತುದಿಯ ಹಗ್ಗಗಳನ್ನೂ ದಡದಲ್ಲಿ ನಿಂತು ಊರಿನವರೆಲ್ಲ ಎಳೆಯುವುದು. ಯೋಹಾನ ಬರೆದಿರುವ ಎಳೆದಾಟ ನನಗೆ ಹೊಸದೇನಲ್ಲ.

ಆ ಹುಡುಗನ ಪ್ರಶ್ನೆಗೆ ನನ್ನ ಉತ್ತರ: ಎಲ್ಲರೂ ಎಣಿಸಿದರು. ಬಲೆ ದಡಕ್ಕೆ ಬಿದ್ದ ಮೇಲೆ ಪಾಲು ಆಗಬೇಕು. ದೋಣಿಗೆ ಒಂದು ಪಾಲು, ಬಲೆಗೆ ಒಂದು ಪಾಲು, ಎಳೆದವರಿಗೆ ಪಾಲು. ಬೂತಾಯಿ, ಬಂಗುಡೆಯನ್ನು ಯಾರೂ ಎಣಿಸುವುದಿಲ್ಲ, ಬುಟ್ಟಿಯಲ್ಲಿ ಅಳೆಯುತ್ತಾರೆ. ಅಂಜಲಿನಂಥ ದೊಡ್ಡ ಮೀನು ಬಿದ್ದರೆ ಎಣಿಸುತ್ತಾರೆ. ಎಣಿಸುವಾಗ ಒಬ್ಬ ತಪ್ಪಿದರೆ ಇನ್ನೊಬ್ಬ ಅಲ್ಲೇ ಹಿಡಿಯುತ್ತಾನೆ. ಸುವಾರ್ತೆಯಲ್ಲಿ "ದೊಡ್ಡ ಮೀನು" ಎಂದೇ ಇದೆಯಲ್ಲ, ನೋಡಿ. ಚಿಕ್ಕದಾಗಿದ್ದರೆ ಎಷ್ಟು ಬುಟ್ಟಿ ಎಂದು ಬರೆಯುತ್ತಿದ್ದರು.

ದೊಡ್ಡ ಬೇಟೆಯ ಲೆಕ್ಕ ಮರೆಯುವುದಿಲ್ಲ. ಅಜ್ಜ ತೀರಿಕೊಳ್ಳುವ ವರ್ಷವೂ, ತಮ್ಮ ಮದುವೆಗೆ ಮುಂಚಿನ ಒಂದು ಬೆಳಿಗ್ಗೆ ಬಲೆಗೆ ಬಿದ್ದ ಅಂಜಲಿನ ಲೆಕ್ಕ ಹೇಳುತ್ತಿದ್ದರು. ಮದುವೆಯ ತಾರೀಕು ಮಾತ್ರ ಅಜ್ಜಿಯನ್ನು ಕೇಳಬೇಕಾಗಿತ್ತು.

ಲೆಕ್ಕದ ಮೇಷ್ಟರು (ಮಂಗಳವಾರ, ಬೆಳಿಗ್ಗೆ 8.30)

ಬಲೆಗಾರರೇ, ಏಳು ಜನಕ್ಕೆ 153 ಮೀನನ್ನು ಸಮನಾಗಿ ಹಂಚಿದರೆ ತಲೆಗೆ 21, ಉಳಿಯುವುದು ಆರು. ಆ ಆರಕ್ಕೆ ಜಗಳವಾಗಿರಬಹುದು.

ತಮಾಷೆ ಬಿಡೋಣ. ಅಗಸ್ಟೀನ ಕಂಡದ್ದನ್ನು ಗಣಿತದಲ್ಲಿ ತ್ರಿಕೋನ ಸಂಖ್ಯೆ ಎನ್ನುತ್ತೇವೆ. ರಂಗೋಲಿಗೆ ಕೆಳಗಿನ ಸಾಲಿನಲ್ಲಿ ಹದಿನೇಳು ಚುಕ್ಕಿ ಇಟ್ಟು, ಮೇಲೆ ಹೋದಂತೆ ಸಾಲಿಗೊಂದು ಕಡಿಮೆ ಮಾಡುತ್ತಾ ಒಂದಕ್ಕೆ ನಿಲ್ಲಿಸಿ. ಒಟ್ಟು 153 ಚುಕ್ಕಿ. ಚೆಂದ ಕಾಣುತ್ತದೆ, ನಿಜ. ಆದರೆ 153ರೊಳಗೆ ಇಂಥ ಸಂಖ್ಯೆಗಳು ಹದಿನೇಳಿವೆ. ಕಣ್ಣು ಮುಚ್ಚಿ ಒಂದು ಸಂಖ್ಯೆ ಹೇಳಿದರೂ ಸುಮಾರು ಒಂಬತ್ತಕ್ಕೆ ಒಂದು ಸಲ ತ್ರಿಕೋನವೇ ಬೀಳುತ್ತದೆ. 153ಕ್ಕೆ ಇದೊಂದೇ ಗುಣವೂ ಅಲ್ಲ. ಅದರ ಅಂಕಿಗಳ ಘನಗಳನ್ನು ಕೂಡಿಸಿ: 1, 125, 27. ಮತ್ತೆ 153! ಒಂದರಿಂದ ಐದರವರೆಗಿನ ಫ್ಯಾಕ್ಟೋರಿಯಲ್‌ಗಳನ್ನು (ಒಂದರಿಂದ ಆ ಸಂಖ್ಯೆಯವರೆಗೆ ಗುಣಿಸುತ್ತಾ ಹೋದರೆ ಬರುವ ಲಬ್ಧ) ಕೂಡಿಸಿ: 1, 2, 6, 24, 120. ಮತ್ತೂ 153! ಇದನ್ನು ಯಾರೂ ಉಪದೇಶದಲ್ಲಿ ಹೇಳಿದ್ದು ನಾನು ಕೇಳಿಲ್ಲ.

ನಿನ್ನೆ ರಾತ್ರಿ ಒಂದು ಪ್ರಯೋಗ ಮಾಡಿದೆ. ಬಲೆಯಲ್ಲಿ 153ರ ಬದಲು ಬೇರೆ ಎಷ್ಟೋ ಮೀನು ಇದ್ದಿದ್ದರೆ ಏನು ಹೇಳುತ್ತಿದ್ದರು? 150 ಇದ್ದಿದ್ದರೆ ಸುಲಭ, ಕೀರ್ತನೆಗಳು 150. 152 ಇದ್ದಿದ್ದರೆ ಹನ್ನೆರಡು ಹನ್ನೆರಡಲಿ 144, ಅದರ ಮೇಲೆ ಎಂಟು. ಹನ್ನೆರಡು ಕುಲ, ಹನ್ನೆರಡು ಅಪೊಸ್ತಲರು, ಎಂಟನೆಯ ದಿನದ ಪುನರುತ್ಥಾನ. 154 ಇದ್ದಿದ್ದರೆ ಏಳು ಇಪ್ಪತ್ತೆರಡಲಿ. ಹೀಬ್ರೂ ಅಕ್ಷರಗಳು ಇಪ್ಪತ್ತೆರಡು, ಏಳು ಪೂರ್ಣತೆ, ಆದ್ದರಿಂದ ದೇವರ ಮಾತಿನ ಪೂರ್ಣತೆ. ಒಂದು ಲೋಟ ಕಾಫಿ ಮುಗಿಯುವುದರೊಳಗೆ ಇಷ್ಟಾಯಿತು. ನನಗೆ ದೇವಶಾಸ್ತ್ರದ ಗಂಧವೂ ಇಲ್ಲ. ಗಂಧ ಇದ್ದವರಿಗೆ ಇನ್ನೆಷ್ಟು ಹೊಳೆಯಬಹುದು!

ವೀಣೆತಂತಿ (ಮಂಗಳವಾರ, ಮಧ್ಯಾಹ್ನ 1.20)

ಮೇಷ್ಟರ ಮಾತು ಸರಿ, ಆದರೆ ಸಂಖ್ಯೆಯಲ್ಲಿ ಅರ್ಥವನ್ನು ಯಾರೂ ಅಡಗಿಸಿಡುವುದೇ ಇಲ್ಲ ಎಂದುಕೊಳ್ಳಬಾರದು. ಸಂಗೀತ ಕಲಿತವರಿಗೆ ಕಟಪಯಾದಿ ಗೊತ್ತಿರುತ್ತದೆ. ಕ, ಟ, ಪ, ಯ ಈ ನಾಲ್ಕು ಅಕ್ಷರಗಳಿಂದ ತೊಡಗಿ ವ್ಯಂಜನಗಳಿಗೆ ಸಾಲಾಗಿ ಅಂಕಿ ಕೊಡುವುದು. ಮೇಚಕಲ್ಯಾಣಿ ಎಂಬ ರಾಗದ ಹೆಸರಿನಲ್ಲಿ ಮ ಐದು, ಚ ಆರು. ಅಂಕಾನಾಂ ವಾಮತೋ ಗತಿಃ, ತಿರುಗಿಸಿ ಓದಿದರೆ 65. ಅದು 65ನೆಯ ಮೇಳಕರ್ತ, ಎಂದರೆ ಮೂಲರಾಗ. ಧೀರಶಂಕರಾಭರಣದಲ್ಲಿ ಧ ಒಂಬತ್ತು, ರ ಎರಡು; 29ನೆಯ ಮೇಳ. ಕಲ್ಯಾಣಿ, ಶಂಕರಾಭರಣ ಹಳೆಯ ಹೆಸರುಗಳು. "ಮೇಚ", "ಧೀರ" ಎಂಬುವು ಲೆಕ್ಕ ಕೂಡಲಿ ಎಂದೇ ಮುಂದೆ ಅಂಟಿಸಿದವು. ಇಲ್ಲಿ ಅನುಮಾನಕ್ಕೆ ಜಾಗವಿಲ್ಲ. ಹೆಸರಿಟ್ಟವರೇ ಸಂಖ್ಯೆಯನ್ನು ನೆಟ್ಟರು.

ಇನ್ನೊಂದು ಬಗೆಯದೂ ನಮ್ಮಲ್ಲಿದೆ. ಮಹಾಭಾರತಕ್ಕೆ "ಜಯ" ಎಂಬ ಹೆಸರು. ಜ ಎಂಟು, ಯ ಒಂದು; ತಿರುಗಿಸಿದರೆ 18. ಪರ್ವಗಳು ಹದಿನೆಂಟು, ಯುದ್ಧದ ದಿನಗಳು ಹದಿನೆಂಟು, ಅಕ್ಷೌಹಿಣಿಗಳು ಹದಿನೆಂಟು. ಕೇಳಿದಾಗ ಮೈ ಜುಮ್ಮೆನ್ನುತ್ತದೆ. ಆದರೆ ಇದನ್ನು ಬರೆದವರು ನೆಟ್ಟರೋ, ಓದಿದವರು ಕಂಡುಕೊಂಡರೋ? ನಮ್ಮ ಗುರುಗಳನ್ನು ಕೇಳಿದ್ದೆ. "ಮೊದಲು ಶ್ರುತಿ ಸರಿಮಾಡಿಕೋ" ಎಂದರು.

ಬೈಬಲಿನಲ್ಲೂ ಅಕ್ಷರಕ್ಕೆ ಅಂಕಿ ಕೊಡುವ ಪದ್ಧತಿ ಇದೆಯೇ?

ಹಳೆಯೋಲೆ (ಮಂಗಳವಾರ, ರಾತ್ರಿ 10.50)

ಇದೆ, ವೀಣೆತಂತಿಯವರೇ. ಅದನ್ನು ಗೆಮಾಟ್ರಿಯಾ ಎನ್ನುತ್ತಾರೆ. ಕಟಪಯಾದಿಗಿಂತ ಸರಳ, ಏಕೆಂದರೆ ಅದು ಗುಟ್ಟಿನ ಪದ್ಧತಿಯಾಗಿ ಹುಟ್ಟಿದ್ದಲ್ಲ. ಆ ಕಾಲದ ಗ್ರೀಕರು ಲೆಕ್ಕ ಬರೆಯುತ್ತಿದ್ದದ್ದೇ ಅಕ್ಷರಗಳಲ್ಲಿ. ಆಲ್ಫಾ ಒಂದು, ಬೀಟಾ ಎರಡು, ಹೀಗೆ. ಯೆಹೂದ್ಯರೂ ಅದೇ ದಾರಿ ಹಿಡಿದರು. ಹಾಗಾಗಿ ಯಾವ ಹೆಸರನ್ನು ಬರೆದರೂ ಅದು ತಾನಾಗಿಯೇ ಒಂದು ಮೊತ್ತವಾಗುತ್ತಿತ್ತು. ಇಟಲಿಯ ಪೊಂಪೇಯಿ ಎಂಬ ಹಳೆಯ ಊರಿನ ಗೋಡೆಯೊಂದರ ಮೇಲೆ ಯಾರೋ ಪ್ರೇಮಿ ಗ್ರೀಕಿನಲ್ಲಿ ಗೀಚಿದ್ದಾನೆ: ಯಾರ ಸಂಖ್ಯೆ 545ವೋ ಅವಳನ್ನು ಪ್ರೀತಿಸುತ್ತೇನೆ ಎಂದು. ಆ ಊರು ಕ್ರಿ.ಶ. 79ರಲ್ಲಿ ಬೂದಿಯಡಿ ಹೂತುಹೋಯಿತು. ಅವಳ ಹೆಸರು ಇಂದಿಗೂ ಯಾರಿಗೂ ಗೊತ್ತಿಲ್ಲ. ಹೆಸರಿನಿಂದ ಸಂಖ್ಯೆಗೆ ಹೋಗುವುದು ಸುಲಭ, ಸಂಖ್ಯೆಯಿಂದ ಹೆಸರಿಗೆ ಮರಳುವುದು ಕಷ್ಟ. ಈ ಚರ್ಚೆಗೆಲ್ಲ ಬೇಕಾದ ಪಾಠ ಆ ಗೋಡೆಯ ಮೇಲಿದೆ.

ಅಕ್ಕಾವರ ಮೂಲ ಪ್ರಶ್ನೆ ಯಾವುದನ್ನು ಹುಡುಕಬೇಕು ಎಂದಲ್ಲವೇ? ನಾನು ಪಾಲಿಸುವ ನಿಯಮ ಒಂದೇ: ಬರೆದವನೇ ನನ್ನ ತೋಳು ಹಿಡಿದು "ಎಣಿಸು" ಎಂದಿದ್ದಾನೆಯೇ?

ಮತ್ತಾಯ ಹೇಳಿದ್ದಾನೆ. ಮೊದಲನೆಯ ಅಧ್ಯಾಯದ ವಂಶಾವಳಿ ಮುಗಿಸಿ ತಾನೇ ಲೆಕ್ಕ ಕೊಡುತ್ತಾನೆ: ಅಬ್ರಹಾಮನಿಂದ ದಾವೀದನವರೆಗೆ ಹದಿನಾಲ್ಕು ತಲೆ, ದಾವೀದನಿಂದ ಯೆಹೂದ್ಯರು ಬಾಬೆಲಿಗೆ ಸೆರೆಹೋದ ಕಾಲದವರೆಗೆ ಹದಿನಾಲ್ಕು, ಅಲ್ಲಿಂದ ಕ್ರಿಸ್ತನವರೆಗೆ ಹದಿನಾಲ್ಕು. ಆ ಹದಿನಾಲ್ಕನ್ನು ಹೊಂದಿಸಲು ಯೋರಾಮನ ನಂತರ ಅಹಜ್ಯ, ಯೋವಾಷ, ಅಮಚ್ಯ ಎಂಬ ಮೂವರು ರಾಜರನ್ನೇ ಬಿಟ್ಟು ನೇರವಾಗಿ ಉಜ್ಜೀಯನಿಗೆ ಹಾರಿದ್ದಾನೆ. ಪೂರ್ವಕಾಲವೃತ್ತಾಂತದ ಮೊದಲ ಪುಸ್ತಕದ ಮೂರನೆಯ ಅಧ್ಯಾಯದ ಪಕ್ಕದಲ್ಲಿಟ್ಟು ಓದಿದರೆ ಕಾಣುತ್ತದೆ. ಕೊನೆಯ ಗುಂಪಿನಲ್ಲಂತೂ ಹೆಸರುಗಳನ್ನು ಎಣಿಸಿದರೆ ಹದಿಮೂರೇ. ಯೆಕೊನ್ಯನನ್ನು ಎರಡು ಸಲ ಎಣಿಸಬೇಕು. ಇಷ್ಟು ಪಾಡು ಯಾಕೆ? ಹೀಬ್ರೂವಿನಲ್ಲಿ ದಾವೀದ ಎಂದರೆ ದಾಲೆತ್, ವಾವ್, ದಾಲೆತ್: ನಾಲ್ಕು, ಆರು, ನಾಲ್ಕು. ಹದಿನಾಲ್ಕು. ಮೂರು ಅಕ್ಷರದ ಹೆಸರು, ಮೂರು ಗುಂಪು. ವಂಶಾವಳಿಯ ಮೊದಲ ಸಾಲಿನಲ್ಲೇ "ದಾವೀದನ ಮಗನು" ಎಂದಿದೆ. ನಿಮ್ಮ "ಮೇಚ" ಇದ್ದ ಹಾಗೆ. ಲೆಕ್ಕಕ್ಕಾಗಿ ವಸ್ತುವನ್ನೇ ಕತ್ತರಿಸಿ ಹೊಂದಿಸಿದಾಗ ನೆಟ್ಟ ಕೈ ಕಾಣುತ್ತದೆ.

ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 14ನೆಯ ಅಧ್ಯಾಯದಲ್ಲಿ ಅಬ್ರಾಮ (ಅಬ್ರಹಾಮನ ಮೊದಲ ಹೆಸರು) ತನ್ನ 318 ಜನ ಆಳುಗಳನ್ನು ಕರೆದುಕೊಂಡು, ಸೆರೆಸಿಕ್ಕ ಸೋದರನ ಮಗ ಲೋಟನನ್ನು ಬಿಡಿಸಲು ಹೋಗುತ್ತಾನೆ. ಅವನ ಸೇವಕ ಎಲೀಯೆಜರನ ಹೆಸರಿನ ಮೊತ್ತ ಹೀಬ್ರೂವಿನಲ್ಲಿ ಸರಿಯಾಗಿ 318. ಹಾಗಾದರೆ ಹೋದವನು ಒಬ್ಬನೇ ಎಂದರು ಯೆಹೂದ್ಯ ರಬ್ಬಿಗಳು. ಬಾರ್ನಬನ ಹೆಸರಿನಲ್ಲಿರುವ ಹಳೆಯ ಕ್ರೈಸ್ತ ಪತ್ರವು ಅದೇ 318ನ್ನು ಗ್ರೀಕಿನಲ್ಲಿ ಬರೆದು, 300ಕ್ಕೆ ಶಿಲುಬೆಯ ಆಕಾರದ ಟೌ ಅಕ್ಷರ, 18ಕ್ಕೆ ಯೇಸುವಿನ ಹೆಸರಿನ ಮೊದಲೆರಡು ಅಕ್ಷರ ಎಂದು ತೋರಿಸಿತು. ಅಬ್ರಾಮನಿಗೆ ಗ್ರೀಕ್ ಎಲ್ಲಿಂದ ಬಂತು ಎಂದು ಕೇಳಬೇಡಿ. ಕ್ರಿ.ಶ. 325ರಲ್ಲಿ ನೈಸಿಯದಲ್ಲಿ ಸೇರಿದ ಬಿಷಪ್‌ಗಳೂ ಕೊನೆಗೆ ಸಂಪ್ರದಾಯದಲ್ಲಿ 318 ಜನರಾದರು. ಒಂದು ಸಂಖ್ಯೆ ಹೆಸರುವಾಸಿಯಾದರೆ ಹೊಸ ಸಂಗತಿಗಳೂ ಅದರ ಅಳತೆಗೆ ಅಂಗಿ ಹೊಲಿಸಿಕೊಳ್ಳುತ್ತವೆ.

153ರ ವಿಷಯಕ್ಕೆ ಬಂದರೆ, ನನ್ನ ನಿಯಮವನ್ನೇ ಅಲುಗಾಡಿಸುವ ಒಂದು ಓದು ಇದೆ, ಅದನ್ನು ಮುಚ್ಚಿಡುವುದಿಲ್ಲ. ಯೆಹೆಜ್ಕೇಲ ಪ್ರವಾದಿಯ ಪುಸ್ತಕದ 47ನೆಯ ಅಧ್ಯಾಯದಲ್ಲಿ ದೇವಾಲಯದಿಂದ ಹೊರಟ ನೀರು ಲವಣಸಮುದ್ರಕ್ಕೆ ಸೇರಿ ಅದನ್ನು ಸಿಹಿಯಾಗಿಸುತ್ತದೆ. ಅಲ್ಲಿ ಮೀನು ತುಂಬುತ್ತವೆ. ಏನ್‌ಗೆದಿಯಿಂದ ಏನ್‌ಎಗ್ಲಯಿಮಿನವರೆಗೆ ಬೆಸ್ತರು ನಿಂತು ಬಲೆ ಹರಡುತ್ತಾರೆ. "ಏನ್" ಎಂದರೆ ಬುಗ್ಗೆ, ಅದನ್ನು ಬಿಡಿ. ಗೆದಿ: ಮೂರು, ನಾಲ್ಕು, ಹತ್ತು, ಮೊತ್ತ 17. ಎಗ್ಲಯಿಮ್: ಎಪ್ಪತ್ತು, ಮೂರು, ಮೂವತ್ತು, ಹತ್ತು, ನಲವತ್ತು, ಮೊತ್ತ 153. ಹದಿನೇಳೂ ಅದರ ತ್ರಿಕೋನವೂ ಒಂದೇ ವಚನದಲ್ಲಿ, ಅದೂ ಬಲೆ ಹಿಡಿದ ಬೆಸ್ತರ ಜೊತೆ! ಜೆ. ಎ. ಎಮರ್ಟನ್ ಎಂಬ ವಿದ್ವಾಂಸರು 1958ರಲ್ಲಿ ಇದನ್ನು ಎತ್ತಿ ತೋರಿಸಿದರು. ಮೊದಲ ಸಲ ಓದಿದಾಗ ನಾನು ಕುರ್ಚಿಯಿಂದ ಎದ್ದು ಓಡಾಡಿದ್ದೆ. ಜೀವಜಲದ ಹೊಳೆಗಳ ಮಾತು ಯೋಹಾನನ ಏಳನೆಯ ಅಧ್ಯಾಯದಲ್ಲೂ ಬರುತ್ತದೆ, ಆದ್ದರಿಂದ ಯೆಹೆಜ್ಕೇಲ ಅವನ ಮನಸ್ಸಿನಲ್ಲಿ ಇದ್ದಿರಬಹುದು.

ಆದರೆ ಯೋಹಾನ ಬರೆದದ್ದು ಗ್ರೀಕಿನಲ್ಲಿ. "ಮೆಸ್ಸೀಯ", "ರಬ್ಬೀ" ಎಂಬ ಪದಗಳಿಗೂ ಅರ್ಥ ಬಿಡಿಸಿ ಹೇಳುವವನು ಅವನು. ಅಂಥವನು ಓದುಗರು ಹೀಬ್ರೂ ಊರಿನ ಹೆಸರನ್ನು ನೆನೆದು ಕೂಡಿಸುತ್ತಾರೆಂದು ಸುಮ್ಮನಿದ್ದನೇ? ನನಗೆ ಒಪ್ಪಿಗೆಯಾಗುವುದಿಲ್ಲ. ಇದಕ್ಕಿಂತ ಬಲೆಗಾರರ ಅಜ್ಜನ ಕಡೆಗೇ ನಾನು ವಾಲುತ್ತೇನೆ.

ಮೌನಪ್ರಾರ್ಥನೆ (ಬುಧವಾರ, ಬೆಳಿಗ್ಗೆ 7.00)

ಎರಡು ದಿನದಿಂದ ಓದುತ್ತಿದ್ದೇನೆ. ನೋವಾಯಿತು, ಹೇಳಿಬಿಡುತ್ತೇನೆ. ದೇವರ ವಾಕ್ಯವನ್ನು ಮೀನು ಮಾರುಕಟ್ಟೆಯ ಲೆಕ್ಕಕ್ಕೆ ಇಳಿಸಿದಿರಿ. ಏಳು, ಹನ್ನೆರಡು, ನಲವತ್ತು ಇವು ಬೈಬಲಿನ ಉದ್ದಕ್ಕೂ ಬರುತ್ತವೆ. ಜಲಪ್ರಳಯದ ಮಳೆ ನಲವತ್ತು ದಿನ, ಮೋಶೆ ಬೆಟ್ಟದ ಮೇಲೆ ನಲವತ್ತು ದಿನ, ಎಲೀಯ ಹೋರೇಬಿಗೆ ನಲವತ್ತು ದಿನ ನಡೆದ, ನಿನೆವೆಗೆ ನಲವತ್ತು ದಿನದ ಗಡುವು, ಯೇಸು ಅರಣ್ಯದಲ್ಲಿ ನಲವತ್ತು ದಿನ. ಇದೆಲ್ಲ ಆಕಸ್ಮಿಕವೇ? ನಮ್ಮಲ್ಲಿ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ನಲವತ್ತು ದಿನ ಆಚರಿಸುವುದು ಸುಮ್ಮನೆಯೇ?

ಹಳೆಯೋಲೆ (ಬುಧವಾರ, ಮಧ್ಯಾಹ್ನ 2.10)

ನೋವು ಕೊಡುವ ಉದ್ದೇಶವಿರಲಿಲ್ಲ, ಕ್ಷಮಿಸಿ. ನಲವತ್ತು ಆಕಸ್ಮಿಕವಲ್ಲ, ನಿಮ್ಮ ಮಾತು ಪೂರ್ತಿ ಸರಿ. ಆದರೆ ಅದು 153ರ ಜಾತಿಯದಲ್ಲ.

"ಅವನು ಏಳು ಕೆರೆಯ ನೀರು ಕುಡಿದವನು" ಎಂದಾಗ ನಾವು ಕೆರೆಗಳ ಹೆಸರು ಕೇಳುತ್ತೇವೆಯೇ? "ನೂರೆಂಟು ನೆಪ" ಎಂದಾಗ ನೂರ ಏಳಕ್ಕೆ ನಿಲ್ಲಿಸಿದವನು ಪ್ರಾಮಾಣಿಕ ಎನ್ನುತ್ತೇವೆಯೇ? ಮಾತಿನೊಳಗೇ ಬೆಳೆದ ಸಂಖ್ಯೆಗಳು ಅವು. ಹೀಬ್ರೂವಿನಲ್ಲಿ ಏಳಕ್ಕೆ ಈ ಬೇರು ಇನ್ನೂ ಆಳ: ಏಳು ಎಂಬ ಪದಕ್ಕೂ ಆಣೆ ಇಡುವುದು ಎಂಬ ಪದಕ್ಕೂ ಅವೇ ಅಕ್ಷರಗಳು. ಆದಿಕಾಂಡ 21ರಲ್ಲಿ ಅಬ್ರಹಾಮ ಏಳು ಹೆಣ್ಣು ಕುರಿಮರಿಗಳನ್ನು ಬೇರೆ ನಿಲ್ಲಿಸಿ ಅಬೀಮೆಲೆಕನೊಂದಿಗೆ ಆಣೆ ಮಾಡುತ್ತಾನೆ, ಆ ಬಾವಿಗೆ ಬೇರ್ಷೆಬ ಎಂದು ಹೆಸರಾಗುತ್ತದೆ. ಆಣೆಯ ಬಾವಿ ಎಂದರೂ ಸರಿ, ಏಳರ ಬಾವಿ ಎಂದರೂ ಸರಿ. ಯೆರಿಕೋವಿನ ಸುತ್ತ ಏಳು ಯಾಜಕರು, ಏಳು ಕೊಂಬು, ಏಳು ದಿನ, ಏಳನೆಯ ದಿನ ಏಳು ಸುತ್ತು. ಅಲ್ಲಿ ಕೇಳುವವನ ಕಿವಿಗೆ ಹೊಡೆತ ಬೀಳುವುದೇ ಉದ್ದೇಶ.

ಮತ್ತಾಯ 18ರಲ್ಲಿ ಪೇತ್ರ ಅಣ್ಣತಮ್ಮನನ್ನು ಏಳು ಸಾರಿ ಕ್ಷಮಿಸಿದರೆ ಸಾಕೇ ಎನ್ನುತ್ತಾನೆ. ಯೇಸು ಏಳೆಪ್ಪತ್ತು ಸಾರಿ ಎನ್ನುತ್ತಾನೆ. 490ಕ್ಕೆ ಪುಸ್ತಕ ಮುಚ್ಚಬೇಕು ಎಂದು ಯಾರೂ ಹೇಳಲಾರರು. ಆದಿಕಾಂಡ ನಾಲ್ಕರಲ್ಲಿ ಲೆಮೆಕ ತನ್ನ ಹೆಂಡಂದಿರ ಮುಂದೆ ಎಪ್ಪತ್ತೇಳರಷ್ಟು ಸೇಡು ಎಂದು ಜಂಬ ಕೊಚ್ಚಿಕೊಳ್ಳುತ್ತಾನೆ. ಗ್ರೀಕ್ ಬೈಬಲಿನಲ್ಲಿ ಎರಡೂ ಕಡೆ ಬಳಸಿದ ಪದ ಒಂದೇ. ಸೇಡಿನ ಸಂಖ್ಯೆಯನ್ನು ಯೇಸು ಕ್ಷಮೆಗೆ ತಿರುಗಿಸಿದ ಎಂದು ಓದಿದಾಗ ನನಗೆ ಯಾವ ಗೂಢಲಿಪಿಗಿಂತಲೂ ಹೆಚ್ಚು ಸಂತೋಷವಾಯಿತು.

ನಲವತ್ತು ನಿಜಕ್ಕೂ ಎಣಿಸಿದ ಸಂಖ್ಯೆಯಾಗಿ ಬರುವ ಜಾಗವೂ ಉಂಟು. ಧರ್ಮೋಪದೇಶಕಾಂಡ 25 ನಲವತ್ತಕ್ಕಿಂತ ಹೆಚ್ಚು ಏಟು ಹೊಡೆಯಬಾರದು ಎನ್ನುತ್ತದೆ. ಲೆಕ್ಕ ತಪ್ಪಿ ಒಂದು ಹೆಚ್ಚಾದೀತೆಂಬ ಭಯಕ್ಕೆ ಒಂದು ಕಡಿಮೆಯೇ ಹೊಡೆಯುತ್ತಿದ್ದರು. ಪೌಲನಿಗೆ ಐದು ಸಾರಿ ಆ ಒಂದು ಕಡಿಮೆ ನಲವತ್ತು ಬಿದ್ದಿತ್ತು. ಅವನ ಬೆನ್ನಿಗೆ ಅದು ಸಂಕೇತವಾಗಿರಲಿಲ್ಲ.

ಕಾಫಿಬೆಳಗು (ಬುಧವಾರ, ಸಂಜೆ 6.45)

ಎಲ್ಲ ಹೇಳಿದಿರಿ, ಎಲ್ಲರೂ ಹೆದರುವ ಸಂಖ್ಯೆಯನ್ನು ಮಾತ್ರ ಬಿಟ್ಟಿರಿ. ನಮ್ಮ ಚಿಕ್ಕಮ್ಮ ಹೊಸ ಮೊಬೈಲ್ ನಂಬರ್ ತೆಗೆದುಕೊಂಡರು. ಕೊನೆಯ ಮೂರು ಅಂಕಿ 666. ಅವರು ಹೋಗುವ ಪ್ರಾರ್ಥನಾ ಕೂಟದಲ್ಲಿ ಒಬ್ಬ ಬೋಧಕರು, ಇದು ಮೃಗದ ಮುದ್ರೆ, ಈ ಫೋನಿನಿಂದ ಪ್ರಾರ್ಥನೆಯ ಕೋರಿಕೆ ಕಳುಹಿಸಬೇಡಿ ಎಂದರಂತೆ. ಚಿಕ್ಕಮ್ಮ ಮೂರು ದಿನ ಫೋನನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದರು. ನಾನು ನಕ್ಕೆ, ಅವರು ಅತ್ತರು. ನಕ್ಕದ್ದು ತಪ್ಪಾಯಿತು. ಏನು ಹೇಳಲಿ ಅವರಿಗೆ?

ಹಳೆಯೋಲೆ (ಬುಧವಾರ, ರಾತ್ರಿ 10.15)

ಮೊದಲು ಬೈಬಲನ್ನೇ ತೆಗೆದು ತೋರಿಸಿ. ಅರಸುಗಳ ಮೊದಲ ಪುಸ್ತಕ 10:14ರಲ್ಲಿ ಸೊಲೊಮೋನನಿಗೆ ವರ್ಷಕ್ಕೆ ಬರುತ್ತಿದ್ದ ಬಂಗಾರ 666 ತಲಾಂತು (ಆ ಕಾಲದ ತೂಕದ ಅಳತೆ). ಎಜ್ರ 2:13ರಲ್ಲಿ ಸೆರೆಯಿಂದ ಊರಿಗೆ ಮರಳಿದ ಅದೋನೀಕಾಮನ ಕುಲದವರು 666 ಜನ. ಪಾಪ, ಅವರೇನು ಮಾಡಿದ್ದರು? ನೆಹೆಮೀಯ ಏಳರಲ್ಲಿ ಅದೇ ಕುಲ 667.

ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯಲ್ಲಿ ಮೃಗದ ಸಂಖ್ಯೆ 666 ಎನ್ನುವ 13:18 ಮಾತ್ರ ನನ್ನ ನಿಯಮಕ್ಕೆ ಸರಿಯಾಗಿ ಹೊಂದುವ ಜಾಗ. ಬುದ್ಧಿಯುಳ್ಳವನು ಎಣಿಸಲಿ, ಅದು ಮನುಷ್ಯನ ಸಂಖ್ಯೆ ಎಂದು ಬರೆದವನೇ ಕರೆಯುತ್ತಾನೆ. ಪೊಂಪೇಯಿಯ ಪ್ರೇಮಿಯದೇ ಆಟ, ಆದರೆ ಇಲ್ಲಿ ಹೆಸರು ಬಾಯಿಬಿಟ್ಟರೆ ತಲೆ ಹೋಗುವ ಆಟ. ಹೆಚ್ಚಿನ ವಿದ್ವಾಂಸರು ಒಪ್ಪುವ ಉತ್ತರ ರೋಮಿನ ನೀರೋ ಚಕ್ರವರ್ತಿ. "ನೆರೋನ್ ಕೇಸರ್" ಎಂದು ಹೀಬ್ರೂ ಅಕ್ಷರಗಳಲ್ಲಿ ಬರೆದರೆ 50, 200, 6, 50, ಆಮೇಲೆ 100, 60, 200. ಕೂಡಿಸಿ ನೋಡಿ. ಆ ಕಾಗುಣಿತ ಲೆಕ್ಕಕ್ಕಾಗಿ ತಿರುಚಿದ್ದಲ್ಲ. ಮೃತಸಮುದ್ರದ ಬಳಿಯ ಮುರಬ್ಬಾತ್ ಕಣಿವೆಯಲ್ಲಿ ಸಿಕ್ಕ, ನೀರೋನ ಕಾಲದ ಒಂದು ಸಾಲಪತ್ರದಲ್ಲಿ ಹಾಗೆಯೇ ಬರೆದಿದೆ.

ಇದಕ್ಕಿಂತ ಗಟ್ಟಿ ಸಾಕ್ಷಿ ಒಂದು ತಪ್ಪಿನಲ್ಲಿದೆ. ಕೆಲವು ಹಳೆಯ ಪ್ರತಿಗಳಲ್ಲಿ 666 ಇಲ್ಲ, 616 ಇದೆ. ಈಜಿಪ್ಟಿನ ಆಕ್ಸಿರಿಂಕಸ್‌ನ ಕಸದ ದಿಬ್ಬಗಳಲ್ಲಿ ಸಿಕ್ಕಿ 1999ರಲ್ಲಿ ಪ್ರಕಟವಾದ ಪಪೈರಸ್ 115 ಎಂಬ ಹಸ್ತಪ್ರತಿಯ ತುಣುಕಿನಲ್ಲೂ 616. ಲ್ಯಾಟಿನ್ನಿನಲ್ಲಿ ಹೇಳುವ ಹಾಗೆ ಕೊನೆಯ ನ್ ಬಿಟ್ಟು "ನೆರೋ" ಎಂದು ಬರೆದರೆ ಐವತ್ತು ಕಳೆಯುತ್ತದೆ: 616. ಎರಡು ಓದುಗಳೂ ಒಬ್ಬನ ಮನೆ ಬಾಗಿಲಿಗೇ ಹೋಗಿ ನಿಲ್ಲುತ್ತವೆ. ಎರಡನೆಯ ಶತಮಾನದ ಬಿಷಪ್ ಐರೇನಿಯಸ್‌ಗೆ 616ರ ಸುದ್ದಿ ಗೊತ್ತಿತ್ತು, ಒಪ್ಪಲಿಲ್ಲ. ಅವನಿಗೆ ನೀರೋ ಹೊಳೆಯಲೂ ಇಲ್ಲ. ಯುಯಾಂಥಸ್, ಲಾಟೈನೊಸ್, ಟೈಟಾನ್ ಎಂದು ಮೂರು ಹೆಸರು ಕೂಡಿಸಿ ನೋಡಿ, ಟೈಟಾನ್ ಕಡೆಗೆ ವಾಲಿದರೂ ಖಚಿತವಾಗಿ ಹೇಳಲಾರೆ ಎಂದು ಬಿಟ್ಟ. ಆ ಸಂಯಮ ಮುಂದಿನವರಿಗೆ ಬರಲಿಲ್ಲ.

ಮೈಕೆಲ್ ಸ್ಟಿಫೆಲ್ ಎಂಬ ಜರ್ಮನ್ ಪಾದ್ರಿ, ಪೋಪರ ವಿರುದ್ಧ ನಿಂತ ಪ್ರಾಟೆಸ್ಟಂಟ್ ಸುಧಾರಕ ಲೂಥರನ ಗೆಳೆಯ. ಹತ್ತನೆಯ ಪೋಪ್ ಲಿಯೋನ ಲ್ಯಾಟಿನ್ ಹೆಸರಿನಲ್ಲಿ ರೋಮನ್ ಅಂಕಿಗಳಾಗುವ ಅಕ್ಷರಗಳನ್ನು ಆರಿಸಿದ. ಸಾವಿರವನ್ನು ಸೂಚಿಸುವ ಒಂದು ಅಕ್ಷರ ಅಡ್ಡ ಬಂತು. ಅದು "ರಹಸ್ಯ" ಎಂದು ಪಕ್ಕಕ್ಕಿಟ್ಟ. ಹತ್ತು ಕಡಿಮೆ ಬಿತ್ತು. ಹತ್ತನೆಯ ಲಿಯೋ ತಾನೇ ಎಂದು ಸೇರಿಸಿದ. 666 ಬಂತು. ಆಮೇಲೆ ಅದೇ ಉತ್ಸಾಹದಲ್ಲಿ 1533ರ ಅಕ್ಟೋಬರಿನ ಒಂದು ಬೆಳಿಗ್ಗೆ ಎಂಟು ಗಂಟೆಗೆ ಲೋಕ ಮುಗಿಯುತ್ತದೆ ಎಂದು ಸಾರಿದ. ಎಂಟೂ ಆಯಿತು, ಒಂಬತ್ತೂ ಆಯಿತು. ಸ್ಟಿಫೆಲ್‌ನನ್ನು ಹಿಡಿದು ಕೂಡಿಹಾಕಿದರು. ಪುಣ್ಯಕ್ಕೆ ಆತ ಅನಂತರ ನಿಜವಾದ ಗಣಿತಕ್ಕೆ ಇಳಿದ, 1544ರಲ್ಲಿ ಪ್ರಕಟಿಸಿದ ಅಂಕಗಣಿತದ ಗ್ರಂಥದಿಂದ ಇಂದಿಗೂ ಹೆಸರು ಉಳಿಸಿಕೊಂಡಿದ್ದಾನೆ. ಅತ್ತ ಕ್ಯಾಥೊಲಿಕರ ಕಡೆಯ ಪೀಟರ್ ಬುಂಗಸ್, ಲೂಥರನ ಹೆಸರನ್ನೇ ಸ್ವಲ್ಪ ಹಿಗ್ಗಿಸಿ 666 ಮಾಡಿ ತೋರಿಸಿದ. ಲೆಕ್ಕಕ್ಕೆ ಲೆಕ್ಕ.

ಚಿಕ್ಕಮ್ಮನಿಗೆ ಹೇಳಿ: ಆ ಸಂಖ್ಯೆಯವನು ಸತ್ತು 1900 ವರ್ಷಕ್ಕಿಂತ ಹೆಚ್ಚಾಯಿತು. ಫೋನನ್ನು ಅಕ್ಕಿ ಡಬ್ಬದಿಂದ ಈಚೆಗೆ ತೆಗೆಯಲಿ.

ಲೆಕ್ಕದ ಮೇಷ್ಟರು (ಗುರುವಾರ, ಬೆಳಿಗ್ಗೆ 8.10)

ಸ್ಟಿಫೆಲ್‌ಗೆ ಒಬ್ಬ ಜೊತೆಗಾರನನ್ನು ಕೊಡುತ್ತೇನೆ. ಅಮೆರಿಕದ ವಿಲಿಯಂ ಮಿಲ್ಲರ್, ನ್ಯೂಯಾರ್ಕ್ ಸೀಮೆಯ ರೈತ, ಬ್ಯಾಪ್ಟಿಸ್ಟ್ ಬೋಧಕ. ದಾನಿಯೇಲ 8:14ರ 2300 ದಿನಗಳನ್ನು ವರ್ಷಗಳೆಂದು ತೆಗೆದುಕೊಂಡು, ಕ್ರಿ.ಪೂ. 457ರಿಂದ ಎಣಿಸಿ, ಯೇಸು 1843ರ ಸುಮಾರಿಗೆ ಬರುತ್ತಾನೆ ಎಂದ. ಕ್ರಿ.ಪೂ. 1ಕ್ಕೂ ಕ್ರಿ.ಶ. 1ಕ್ಕೂ ನಡುವೆ ಸೊನ್ನೆಯ ವರ್ಷವಿಲ್ಲ ಎಂಬುದು ಆಮೇಲೆ ನೆನಪಾಗಿ ಒಂದು ವರ್ಷ ಮುಂದೆ ಹೋಯಿತು. ಕೊನೆಗೆ ಅನುಯಾಯಿಗಳು ನಿಗದಿ ಮಾಡಿದ್ದು 1844ರ ಅಕ್ಟೋಬರ್ 22. ಸಾವಿರಾರು ಜನ ರಾತ್ರಿಯಿಡೀ ಕಾದರು. ಕೆಲವರು ಆ ವರ್ಷದ ಬೆಳೆಯನ್ನೇ ಹೊಲದಲ್ಲಿ ಬಿಟ್ಟಿದ್ದರು.

ಗುಣಾಕಾರ ತಪ್ಪಿಲ್ಲ, ಕೂಡುವುದು ತಪ್ಪಿಲ್ಲ. ನನ್ನ ವಿದ್ಯಾರ್ಥಿಯಾಗಿದ್ದರೆ ಪೂರ್ತಿ ಅಂಕ ಕೊಡಬೇಕಾಗುತ್ತಿತ್ತು.

ಮೌನಪ್ರಾರ್ಥನೆ (ಗುರುವಾರ, ರಾತ್ರಿ 9.00)

ಲೆಮೆಕನ ವಿಷಯ ನನಗೆ ಗೊತ್ತಿರಲಿಲ್ಲ. ಇಂದು ಎರಡೂ ವಚನಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದೆ. ವಂದನೆಗಳು. 153ರ ಬಗ್ಗೆ ನಾನು ಇನ್ನೂ ಅಗಸ್ಟೀನನ ಕಡೆಗೇ.

ಕಾಫಿಬೆಳಗು (ಶುಕ್ರವಾರ, ಮಧ್ಯಾಹ್ನ 12.30)

ಚಿಕ್ಕಮ್ಮನಿಗೆ ಎಜ್ರನ ಪುಸ್ತಕ ತೋರಿಸಿದೆ. ಎರಡು ಸಲ ಓದಿದರು. "ಊರಿಗೆ ವಾಪಸ್ ಬಂದವರ ಸಂಖ್ಯೆ" ಎಂದು ಮುಖ ಅರಳಿತು. ಫೋನು ಈಗ ದೇವರ ಪಟದ ಕೆಳಗೆ ಚಾರ್ಜ್ ಆಗುತ್ತಿದೆ. ಬೋಧಕರಿಗೆ ಅದೇ ನಂಬರಿನಿಂದ ವಚನ ಕಳುಹಿಸಿದ್ದಾರಂತೆ. ಉತ್ತರ ಬಂದಿಲ್ಲ.

ಸಂಡೇ ಸ್ಕೂಲ್ ಅಕ್ಕ (ಭಾನುವಾರ, ಮಧ್ಯಾಹ್ನ 3.00)

ತರಗತಿ ಮುಗಿಸಿ ಬಂದೆ. ಮೇಷ್ಟರ ರಂಗೋಲಿಯನ್ನು ಬೋರ್ಡಿನ ಮೇಲೆ ಹದಿನೇಳು ಸಾಲಾಗಿ ಹಾಕಿದೆ. ಮಕ್ಕಳು ಚುಕ್ಕಿಗಳನ್ನು ಒಂದೊಂದಾಗಿ ಎಣಿಸಿದರು. ಮೊದಲ ಸಲ 151 ಬಂತು, ಎರಡನೆಯ ಸಲ 154, ಮೂರನೆಯ ಸಲಕ್ಕೆ ಸರಿಯಾಯಿತು. ಅಗಸ್ಟೀನನ ಉತ್ತರವನ್ನೂ ಬಲೆಗಾರರ ಉತ್ತರವನ್ನೂ ಹೇಳಿ ಎರಡನ್ನೂ ಅವರ ಮುಂದೆಯೇ ಬಿಟ್ಟೆ.

ಆ ಹುಡುಗ ಬಹಳ ಹೊತ್ತು ಯೋಚಿಸಿ ಇನ್ನೊಂದು ಕೇಳಿದ: "ಬೆಂಕಿಯ ಮೇಲೆ ಮೊದಲೇ ಇದ್ದ ಮೀನನ್ನು ಸೇರಿಸಿ 153ವೋ, ಬಿಟ್ಟು 153ವೋ?"

ಬಲೆಗಾರ (ಭಾನುವಾರ, ಸಂಜೆ 4.20)

ಬಿಟ್ಟು. ಅಡುಗೆಗೆ ಹೋದದ್ದು ಪಾಲಿನ ಲೆಕ್ಕಕ್ಕೆ ಬರುವುದಿಲ್ಲ.

ಲೆಕ್ಕದ ಮೇಷ್ಟರು (ಭಾನುವಾರ, ರಾತ್ರಿ 8.55)

ಇದನ್ನು ಹೇಳಬಾರದು ಎಂದುಕೊಂಡಿದ್ದೆ, ತಡೆಯಲಾಗುತ್ತಿಲ್ಲ. ನಮ್ಮ 666 ಕೂಡ ತ್ರಿಕೋನ ಸಂಖ್ಯೆಯೇ, ಒಂದರಿಂದ 36ರವರೆಗಿನ ಮೊತ್ತ. ಅಪೊಸ್ತಲರ ಕೃತ್ಯಗಳು 1:15ರಲ್ಲಿ ಸೇರಿದ್ದ ಸಹೋದರರು ಸುಮಾರು 120, ಒಂದರಿಂದ 15ರವರೆಗೆ. ಅದೇ ಪುಸ್ತಕದ 27ನೆಯ ಅಧ್ಯಾಯದಲ್ಲಿ ಪೌಲ ಹೋಗುತ್ತಿದ್ದ ಹಡಗು ಒಡೆಯುವ ಮುಂಚೆ ಅದರಲ್ಲಿದ್ದವರು 276 ಜನ ಎಂದಿದೆ. ಒಂದರಿಂದ 23ರವರೆಗೆ ಕೂಡಿಸಿ ನೋಡಿ.

ಹಳೆಯೋಲೆ (ಭಾನುವಾರ, ರಾತ್ರಿ 9.10)

ಮೇಷ್ಟರೇ, ಕೂಡಿಸಿದೆ. ಈಗ ನಿದ್ದೆ ಬರುತ್ತಿಲ್ಲ. 23ಕ್ಕೆ ಏನರ್ಥ ಎಂದು ಯಾರೂ ಕೇಳಬೇಡಿ.